ಕಡಲಾಚೆಗೆ ಮನೆಸಾಮಾನು: ಪೆಟ್ಟಿಗೆ ಮುಚ್ಚುವ ಮೊದಲೇ ನಡೆಯಬೇಕಾದ ತಪಾಸಣೆ

ಹಡಗಿನಲ್ಲಿ ಬೇರೆ ದೇಶಕ್ಕೆ ಹೋಗುವ ಮನೆಸಾಮಾನು ಅಲ್ಲಿನ ಬಂದರಿನಲ್ಲಿ ಎರಡು ಬಗೆಯ ತಪಾಸಣೆಗೆ ಒಳಗಾಗುತ್ತದೆ. ಎರಡನ್ನೂ ಸೇರಿಸಿ ‘ಕಸ್ಟಮ್ಸ್’ ಎನ್ನುವುದು ರೂಢಿಯಾಗಿದ್ದರೂ ಅವುಗಳ ಕಾಳಜಿ ಬೇರೆ ಬೇರೆ. ವಸ್ತು ಯಾರದು, ಎಷ್ಟು ಕಾಲದಿಂದ ಬಳಕೆಯಲ್ಲಿದೆ, ಅದಕ್ಕೆ ಸುಂಕ ಕಟ್ಟಬೇಕೇ, ಅದು ನಿಷೇಧಿತ ವಸ್ತುವೇ ಎಂದು ಸುಂಕದ ಅಧಿಕಾರಿಗಳು ವಿಚಾರಿಸುತ್ತಾರೆ. ಕ್ವಾರಂಟೈನ್ ಅಥವಾ ಜೈವಿಕ ಸುರಕ್ಷತೆಯ ಅಧಿಕಾರಿಗಳಿಗೆ ಬೇಕಾಗಿರುವುದು ಇನ್ನೊಂದು ಪ್ರಶ್ನೆಗೆ ಉತ್ತರ: ಇದರ ಮೇಲೆ, ಇದರೊಳಗೆ, ಇದರ ಸಂದಿಗೊಂದಿಗಳಲ್ಲಿ ಜೀವವಿರುವ ಏನಾದರೂ ಜೊತೆಗೆ ಬಂದಿದೆಯೇ? ಮೊದಲನೆಯ ವಿಚಾರಣೆಗೆ ಉತ್ತರ ಕಾಗದಪತ್ರಗಳಲ್ಲಿ ಸಿಗುತ್ತದೆ, ಎರಡನೆಯದಕ್ಕೆ ವಸ್ತುವಿನ ಮೈಮೇಲೆಯೇ ಸಿಗುತ್ತದೆ. ಬಂದರಿಗೆ ತಲುಪಿದ ಮೇಲೆ ಮಾಲೀಕರು ಮಾಡಬಹುದಾದದ್ದು ಬಹಳ ಕಡಿಮೆ. ಪೆಟ್ಟಿಗೆಗೆ ಟೇಪು ಹಚ್ಚುವ ಮೊದಲು ಮನೆಯಲ್ಲಿ ಮಾಡಿಕೊಂಡ ಕೆಲಸವೇ ಅಲ್ಲಿ ಫಲಿತಾಂಶವನ್ನು ನಿರ್ಧರಿಸುತ್ತದೆ.

ಸುಂಕದ ಭಾಗ ಹೆಚ್ಚು ಸರಳವಾದದ್ದರಿಂದ ಅದನ್ನು ಮೊದಲು ಮುಗಿಸಬಹುದು. ಹೊಸದಾಗಿ ನೆಲೆಸಲು ಬರುವವರ ಅಥವಾ ಮರಳಿ ಬರುವವರ ಬಳಸಿದ ಗೃಹವಸ್ತುಗಳಿಗೆ ಅನೇಕ ದೇಶಗಳು ಸುಂಕ ವಿನಾಯಿತಿ ಕೊಡುತ್ತವೆ. ಆದರೆ ‘ಬಳಸಿದ’ ಎಂಬುದಕ್ಕೆ ಕಾಲದ ಅಳತೆ ಇದೆ. ವಸ್ತು ಮಾಲೀಕರ ಬಳಿ ಇದ್ದು ಬಳಕೆಯಾಗಿರಬೇಕಾದ ಅವಧಿ ಆಸ್ಟ್ರೇಲಿಯಾದಲ್ಲಿ 12 ತಿಂಗಳು, ಅಮೆರಿಕದಲ್ಲಿ ಕನಿಷ್ಠ ಒಂದು ವರ್ಷ, ಬ್ರಿಟನ್ನಿನಲ್ಲಿ ಆರು ತಿಂಗಳು. ಹೊರಡುವ ವಾರದಲ್ಲಿ ಕೊಂಡ ಹೊಸ ಟಿವಿ ಈ ಅಳತೆಗೆ ನಿಲ್ಲುವುದಿಲ್ಲವಾದ್ದರಿಂದ ಅದರ ರಸೀದಿಯನ್ನು ಇಟ್ಟುಕೊಂಡು ಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸುವುದು ಒಳ್ಳೆಯದು. ಮದ್ಯ ಮತ್ತು ತಂಬಾಕಿಗೆ ಸಾಮಾನ್ಯವಾಗಿ ಬೇರೆಯೇ ನಿಯಮಗಳಿರುತ್ತವೆ. ಪಾಸ್‌ಪೋರ್ಟ್, ವೀಸಾ, ರಸೀದಿಗಳು, ಬಿಲ್ ಆಫ್ ಲೇಡಿಂಗ್ ಎಂಬ ಹಡಗು ಸಾಗಣೆಯ ಪತ್ರ ಮತ್ತು ಸಾಮಾನಿನ ಪಟ್ಟಿಯ ಪ್ರತಿ ಮಾಲೀಕರ ಕೈಯಲ್ಲಿರಬೇಕೇ ಹೊರತು ಕಂಟೇನರಿನೊಳಗಿನ ಯಾವುದೋ ಪೆಟ್ಟಿಗೆಯಲ್ಲಿ ಸೇರಿಕೊಳ್ಳಬಾರದು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಮೇಜಿನ ಖಾನೆಯೊಂದಿಗೇ ಅದರೊಳಗಿನ ಕಡತಗಳೂ ಲಾರಿ ಹತ್ತಿಬಿಡುವುದು ಸುಲಭ.

ಇನ್ನು ಕ್ವಾರಂಟೈನ್. ಒಂದು ಹಳೆಯ ಬೂಟಿಗೆ ಇಷ್ಟೊಂದು ತಪಾಸಣೆ ಏಕೆ ಎಂದು ಅನೇಕರಿಗೆ ಅನ್ನಿಸುತ್ತದೆ. ಅದಕ್ಕೆ ಕಾರಣಗಳು ನಡೆದ ಘಟನೆಗಳಲ್ಲಿವೆ. 2007ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಒಂದು ಮನೆಯಲ್ಲಿ, ಹೊರದೇಶದಿಂದ ಬಂದ ಕುಟುಂಬವೊಂದರ ಸಾಮಾನಿನೊಂದಿಗೆ ಸೇರಿಬಂದ ಖಾಪ್ರಾ ದುಂಬಿ ಪತ್ತೆಯಾಯಿತು. ಕೆಲವೇ ಮಿಲಿಮೀಟರ್ ಉದ್ದದ ಈ ಕೀಟ ದಾಸ್ತಾನು ಮಾಡಿದ ಧಾನ್ಯವನ್ನು ಹಾಳುಮಾಡುವ ಜಗತ್ತಿನ ಅತ್ಯಂತ ಅಪಾಯಕಾರಿ ಪಿಡುಗುಗಳಲ್ಲೊಂದು. ಇದರ ಮರಿಹುಳುಗಳು ಆಹಾರವಿಲ್ಲದೆ ಬಿರುಕುಗಳಲ್ಲಿ ವರ್ಷಗಟ್ಟಲೆ ಸುಪ್ತವಾಗಿ ಬದುಕಬಲ್ಲವು. ಅದನ್ನು ನಿರ್ಮೂಲ ಮಾಡಲು ಇಡೀ ಮನೆಯನ್ನೇ ಹೊದಿಸಿ ಮೀಥೈಲ್ ಬ್ರೋಮೈಡ್ ಅನಿಲದಿಂದ ಧೂಮೀಕರಣ ಮಾಡಬೇಕಾಯಿತು. ಅದಕ್ಕೂ ಮೊದಲು, 1996ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಷ್ಯಾ ಮೂಲದ ಉದ್ದ ಮೀಸೆಯ ಮರಕೊರಕ ದುಂಬಿಯೊಂದು ಕಾಣಿಸಿಕೊಂಡಿತು. ಅದು ಸರಕು ತುಂಬಿದ ಮರದ ಪೆಟ್ಟಿಗೆಗಳ ಹಲಗೆಯೊಳಗೆ ಅಡಗಿ ಬಂದಿತ್ತೆಂಬುದು ತಜ್ಞರ ತೀರ್ಮಾನ. ಅದನ್ನು ತಡೆಯಲು ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಇಂತಹ ಅನುಭವಗಳಿಂದಲೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಂತಹ ದ್ವೀಪರಾಷ್ಟ್ರಗಳು ತಮ್ಮ ಜೈವಿಕ ಸುರಕ್ಷತಾ ಕಾಯಿದೆಗಳನ್ನು ಬಿಗಿಯಾಗಿ ಜಾರಿಗೊಳಿಸುತ್ತವೆ. ಬೇರೆ ದೇಶಗಳ ನಿಯಮಗಳು ಸ್ವಲ್ಪ ಸಡಿಲವಾಗಿರಬಹುದಾದರೂ, ಈ ಎರಡು ದೇಶಗಳ ಮಟ್ಟಕ್ಕೆ ಸಿದ್ಧಪಡಿಸಿದ ಸಾಮಾನು ಮಿಕ್ಕ ಕಡೆ ತೊಡಕಿಗೆ ಸಿಲುಕುವುದು ಕಡಿಮೆ.

ಅಧಿಕಾರಿಗಳು ಹುಡುಕುವ ವಸ್ತುಗಳಲ್ಲಿ ಮೊದಲ ಸ್ಥಾನ ಮಣ್ಣಿಗೆ. ಕಣ್ಣಿಗೆ ಒಣಗಿದ ಕೊಳೆಯಂತೆ ಕಾಣುವ ಮಣ್ಣಿನಲ್ಲಿ ಬೀಜ, ಶಿಲೀಂಧ್ರ, ಕೀಟದ ಮೊಟ್ಟೆ, ರೋಗಾಣು ಎಲ್ಲವೂ ಇರಬಹುದು. ಆಲೂಗಡ್ಡೆಯ ಬೇರನ್ನು ಬಾಧಿಸುವ ಒಂದು ಜಾತಿಯ ಜಂತುಹುಳುವಿನ ಮೊಟ್ಟೆಗಳು ಗಟ್ಟಿ ಕವಚದೊಳಗೆ ಮಣ್ಣಿನಲ್ಲಿ 20 ವರ್ಷಗಳಿಗೂ ಹೆಚ್ಚು ಕಾಲ ಉಳಿಯಬಲ್ಲವು. ಜಾನುವಾರುಗಳ ಕಾಲುಬಾಯಿ ರೋಗದ ವೈರಸ್ ಬೂಟಿನ ಕೆಸರಿನೊಂದಿಗೆ ಪ್ರಯಾಣಿಸಬಲ್ಲದು. 2001ರಲ್ಲಿ ಆ ರೋಗ ಬ್ರಿಟನ್ನಿನಲ್ಲಿ ಹರಡಿದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಗಿ ಬಂತು. ಹಾಗಾಗಿ ನೆಲ ಮುಟ್ಟಿದ ಪ್ರತಿಯೊಂದು ವಸ್ತುವನ್ನೂ ತೊಳೆಯಬೇಕು. ಬೂಟುಗಳ ಅಡಿಯ ಗೆರೆಗಳಲ್ಲಿ ಸಿಕ್ಕಿಕೊಂಡ ಮಣ್ಣನ್ನು ಮೊದಲು ಒಣಗಿದ ಸ್ಥಿತಿಯಲ್ಲೇ ಕಡ್ಡಿಯಿಂದ ಕೆರೆದು ತೆಗೆದು, ನಂತರ ಸಾಬೂನು ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಬೇಕು. ಒಳಗಿನ ಅಟ್ಟೆಯನ್ನು ಎತ್ತಿ ಅದರ ಕೆಳಗೂ ನೋಡಬೇಕು, ಏಕೆಂದರೆ ಹುಲ್ಲಿನ ಬೀಜಗಳು ಜಾರಿ ಸೇರುವ ಜಾಗ ಅದು. ಸೈಕಲ್ಲಿನ ಟೈರು ಹೊಳೆಯುತ್ತಿದ್ದರೂ ಮಡ್‌ಗಾರ್ಡಿನ ಒಳಮೈ, ಪೆಡಲಿನ ಬುಡ ಮತ್ತು ಸೀಟಿನ ಕೆಳಭಾಗ ಕೊಳೆಯಾಗಿದ್ದರೆ ಅದು ತೊಳೆದ ಸೈಕಲ್ ಎನಿಸಿಕೊಳ್ಳುವುದಿಲ್ಲ.

ಹೊರಗೆ ಬಳಸುವ ವಸ್ತುಗಳ ಬಗ್ಗೆ ಎಲ್ಲರಿಗೂ ಒಂದು ಅಂದಾಜು ಇರುತ್ತದೆ, ಮರೆತುಹೋಗುವುದು ಮನೆಯೊಳಗಿನ ವ್ಯಾಕ್ಯೂಮ್ ಕ್ಲೀನರ್. ಮನೆಯ ಅಷ್ಟೂ ಧೂಳು, ಕೂದಲು, ಕೀಟದ ಚೂರು, ಆಹಾರದ ಪುಡಿ ಅದರ ಹೊಟ್ಟೆಯಲ್ಲಿ ಇರುತ್ತವೆ. ಚೀಲವನ್ನು ಎಸೆದರೆ ಸಾಲದು. ತಿರುಗುವ ಬ್ರಷ್ಷನ್ನು ಬಿಚ್ಚಿ ಸುತ್ತಿಕೊಂಡ ಎಳೆಗಳನ್ನು ಕತ್ತರಿಸಿ ತೆಗೆದು, ಪೈಪಿನೊಳಗೆ ಬಟ್ಟೆ ತೂರಿಸಿ ಎಳೆದು, ಫಿಲ್ಟರನ್ನು ತೊಳೆದು ಒಣಗಿಸಬೇಕು ಅಥವಾ ಬದಲಾಯಿಸಬೇಕು. ಡೇರೆ, ಮಡಿಸುವ ಕುರ್ಚಿ, ಮಕ್ಕಳ ತಳ್ಳುಗಾಡಿ, ಹುಲ್ಲು ಕತ್ತರಿಸುವ ಯಂತ್ರ, ಸಾಕುಪ್ರಾಣಿಯ ಹಾಸಿಗೆ ಮತ್ತು ಪಂಜರಗಳಿಗೂ ಇದೇ ಮಟ್ಟದ ಗಮನ ಬೇಕು. ಡೇರೆಯನ್ನು ಪೂರ್ತಿ ಬಿಚ್ಚಿ ಹರಡಿ, ಒಳಮೂಲೆಗಳನ್ನು ಹೊರಕ್ಕೆ ತಿರುಗಿಸಿ ಕೊಡವಬೇಕು. ಹೊರಾಂಗಣದ ಪೀಠೋಪಕರಣಗಳ ಅಡಿಯಲ್ಲಿ ಪತಂಗ, ಜೇಡಗಳ ಮೊಟ್ಟೆಗೂಡುಗಳು ಅಂಟಿಕೊಂಡಿರುತ್ತವೆ. ಸ್ಪಾಂಜಿ ಮಾತ್ ಎಂಬ ಪತಂಗ ಹರಡಿರುವ ಪ್ರದೇಶದಿಂದ ಮನೆ ಬದಲಾಯಿಸುವವರು ತಮ್ಮ ಹೊರಾಂಗಣದ ಸಾಮಾನನ್ನು ಪರೀಕ್ಷಿಸಿ ಕೊಂಡೊಯ್ಯಬೇಕೆಂದು ಅಮೆರಿಕದೊಳಗೇ ನಿಯಮವಿದೆ ಎಂಬುದರಿಂದ ಈ ಮೊಟ್ಟೆಗೂಡುಗಳ ಗಾಂಭೀರ್ಯ ಅರ್ಥವಾಗುತ್ತದೆ.

ಎರಡನೆಯ ಗುಂಪು ಸಸ್ಯ ಮತ್ತು ಪ್ರಾಣಿಮೂಲದ ವಸ್ತುಗಳದು. ಬೀಜ, ಧಾನ್ಯ, ಒಣಹೂ, ಗಿಡಮೂಲಿಕೆ, ಸಂಬಾರ ಪದಾರ್ಥ, ಜೇನು, ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಮನೆಸಾಮಾನಿನ ಜೊತೆ ಕಳುಹಿಸದೇ ಇರುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲವಕ್ಕೆ ಕೆಲವು ದೇಶಗಳಲ್ಲಿ ಅನುಮತಿ ಇದ್ದರೂ, ಹೊಸ ಊರಿನಲ್ಲಿ ಸುಲಭವಾಗಿ ಸಿಗುವ ಒಂದು ಡಬ್ಬಿಯ ಸಲುವಾಗಿ ಇಡೀ ಸರಕಿನ ಬಿಡುಗಡೆ ನಿಲ್ಲುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಆದರೆ ಆಹಾರವೆಂದು ತೋರದ ವಸ್ತುಗಳಲ್ಲೂ ಇದೇ ಪದಾರ್ಥಗಳು ಅಡಗಿರುತ್ತವೆ. ಬೀಜ ತುಂಬಿದ ಆಟಿಕೆ, ಹುಲ್ಲಿನಿಂದ ಹೆಣೆದ ಬುಟ್ಟಿ, ಬಿದಿರಿನ ಪರದೆ, ತೊಗಲು ಬಿಗಿದ ವಾದ್ಯ, ಗರಿಯ ಅಲಂಕಾರ, ಬೆತ್ತದ ಕುರ್ಚಿ, ಕಡಲತೀರದಲ್ಲಿ ಹೆಕ್ಕಿದ ಕಪ್ಪೆಚಿಪ್ಪು, ಒಣ ಎಲೆಯನ್ನು ಅಂಟಿಸಿದ ಚಿತ್ರ — ಇವೆಲ್ಲ ಅಧಿಕಾರಿಯ ಕಣ್ಣಿಗೆ ಸಸ್ಯ ಅಥವಾ ಪ್ರಾಣಿಯ ಭಾಗಗಳೇ. ಇವುಗಳನ್ನು ಬಿಟ್ಟುಬಿಡಬೇಕೆಂದೇನೂ ಇಲ್ಲ. ಬೆತ್ತ ಅಥವಾ ಬಿದಿರು ಸ್ವಚ್ಛವಾಗಿದ್ದು ಹುಳುವಿನ ಗುರುತಿಲ್ಲದಿದ್ದರೆ ಬಹುತೇಕ ಹಾಗೆಯೇ ಬಿಡುಗಡೆಯಾಗುತ್ತದೆ. ಪಟ್ಟಿಯಲ್ಲಿ ನಮೂದಿಸಿ, ಒಂದೇ ಕಡೆ ಸೇರಿಸಿ ಇಡಬೇಕು, ಅಷ್ಟೆ.

ದಂತ, ಹವಳ, ಆಮೆಯ ಚಿಪ್ಪು, ಕೆಲವು ಜಾತಿಯ ಬೀಟೆ ಮರ ಮುಂತಾದವುಗಳ ವಿಷಯ ಮಾತ್ರ ಬೇರೆ. ಅಳಿವಿನ ಅಪಾಯವಿರುವ ಪ್ರಾಣಿ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಇಂತಹ ಜೀವಿಗಳಿಂದ ಮಾಡಿದ ವಸ್ತುಗಳನ್ನು ಗಡಿ ದಾಟಿಸಲು ಹೊರಡುವ ಮೊದಲೇ ಪರವಾನಗಿ ಬೇಕಾಗಬಹುದು. ವಸ್ತು ಎಷ್ಟೇ ಸ್ವಚ್ಛವಾಗಿದ್ದರೂ, ಎಷ್ಟು ತಲೆಮಾರಿನದಾಗಿದ್ದರೂ, ಬೇಕಾದ ಪತ್ರ ಇಲ್ಲದಿದ್ದರೆ ಅದು ಜಪ್ತಿಯಾಗುತ್ತದೆ.

ಮರದ ಪೀಠೋಪಕರಣಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಬೆಲೆಬಾಳುವ ವಸ್ತುಗಳೂ ಅವೇ, ಧೂಮೀಕರಣಕ್ಕೆ ಹೋಗುವ ಸಂಭವ ಹೆಚ್ಚಿರುವುದೂ ಅವಕ್ಕೇ. ಪೀಠೋಪಕರಣವನ್ನು ತಲೆಕೆಳಗು ಮಾಡಿ, ಪಾಲಿಶ್ ಮಾಡದ ಒಳಭಾಗಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡಬೇಕು: ಖಾನೆಗಳ ಹಿಂಬದಿ, ಕಾಲುಗಳ ತುದಿ, ಹಿಂದಿನ ತೆಳು ಹಲಗೆ. ಒಂದೆರಡು ಮಿಲಿಮೀಟರಿನ ದುಂಡನೆಯ ತೂತುಗಳು ದುಂಬಿ ಹೊರಬಂದ ದಾರಿಗಳು. ಅವುಗಳ ಕೆಳಗೆ ಹಿಟ್ಟಿನಂತಹ ನುಣುಪು ಹುಡಿ ಇದ್ದರೆ ಮರಕೊರಕ ದುಂಬಿ ಇದೆಯೆಂದೂ, ಆರು ಬದಿಯ ಸಣ್ಣ ಕಾಳುಗಳಂತಹ ಹಿಕ್ಕೆ ಇದ್ದರೆ ಒಣಮರದ ಗೆದ್ದಲು ಇದೆಯೆಂದೂ ಸಂದೇಹಪಡಬೇಕು. ತೂತುಗಳು ಹಳೆಯವೋ ಈಗಲೂ ಹುಳು ಒಳಗಿದೆಯೋ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ಹುಡಿಯನ್ನೆಲ್ಲ ಒರೆಸಿ ತೆಗೆದು, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಅಲುಗಾಡಿಸದೆ ಬಿಡಬೇಕು. ಕಾಗದದ ಮೇಲೆ ಮತ್ತೆ ಹುಡಿ ಬಿದ್ದರೆ ಒಳಗೆ ಜೀವವಿರುವ ಸಾಧ್ಯತೆ ಹೆಚ್ಚು, ಆಗ ಹೊರಡುವ ಮೊದಲೇ ಚಿಕಿತ್ಸೆ ಮಾಡಿಸಿ ಪ್ರಮಾಣಪತ್ರ ಪಡೆಯುವುದು ಉತ್ತಮ. ತಲುಪುವ ದೇಶ ಯಾವ ಚಿಕಿತ್ಸೆಯನ್ನು, ಯಾರು ಮಾಡಿದ್ದನ್ನು ಒಪ್ಪುತ್ತದೆ ಎಂದು ಮೊದಲೇ ಕೇಳಿ ತಿಳಿಯಬೇಕು; ಒಪ್ಪದ ಚಿಕಿತ್ಸೆಯ ಪ್ರಮಾಣಪತ್ರಕ್ಕೆ ಬಂದರಿನಲ್ಲಿ ಬೆಲೆಯಿಲ್ಲ. ಈ ಪರೀಕ್ಷೆಗೆ ಸಮಯ ಬೇಕಾಗುವುದರಿಂದ ಪ್ಯಾಕಿಂಗಿನ ಸಿದ್ಧತೆ ಮರದ ಸಾಮಾನಿನಿಂದಲೇ ಆರಂಭವಾಗಬೇಕು.

ಪ್ಯಾಕಿಂಗಿಗೆ ಬಳಸುವ ಮರಕ್ಕೆ ಪ್ರತ್ಯೇಕ ಅಂತರರಾಷ್ಟ್ರೀಯ ನಿಯಮವಿದೆ. 2002ರಲ್ಲಿ ಅಂಗೀಕಾರವಾದ ಐಎಸ್‌ಪಿಎಂ 15 ಎಂಬ ಈ ಮಾನದಂಡದ ಪ್ರಕಾರ ಹಲಗೆಪೆಟ್ಟಿಗೆ, ಪ್ಯಾಲೆಟ್, ಆಧಾರಕ್ಕೆ ಕೊಡುವ ಮರದ ತುಂಡುಗಳು ಎಲ್ಲವೂ ತೊಗಟೆ ತೆಗೆದು ಸಂಸ್ಕರಿಸಿದ ಮರದವಾಗಿರಬೇಕು. ಮುಖ್ಯ ವಿಧಾನವೆಂದರೆ ಮರದ ತಿರುಳೂ ಸೇರಿದಂತೆ ಎಲ್ಲ ಭಾಗವೂ 56 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಸತತ 30 ನಿಮಿಷ ಇರುವಂತೆ ಕಾಯಿಸುವುದು. ಹೀಗೆ ಸಂಸ್ಕರಿಸಿದ ಮರದ ಮೇಲೆ ತೆನೆಯ ಚಿತ್ರವಿರುವ ಮುದ್ರೆ, ದೇಶದ ಸಂಕೇತ, ತಯಾರಕರ ಸಂಖ್ಯೆ ಮತ್ತು ಸಂಸ್ಕರಣೆಯ ಸಂಕೇತಾಕ್ಷರ ಇರುತ್ತವೆ. ಪ್ಲೈವುಡ್ಡಿನಂತೆ ಅಂಟು, ಶಾಖ, ಒತ್ತಡದಿಂದ ತಯಾರಾದ ಹಲಗೆಗೆ ಈ ನಿಯಮ ಅನ್ವಯಿಸುವುದಿಲ್ಲ. ಪಿಯಾನೊ ಅಥವಾ ಗಾಜಿನ ಮೇಜಿಗಾಗಿ ಪರಿಚಿತ ಬಡಗಿಯ ಕೈಯಲ್ಲಿ ಹಲಗೆಪೆಟ್ಟಿಗೆ ಮಾಡಿಸುವವರು ಈ ಮುದ್ರೆ ಇದೆಯೇ ಎಂದು ನೋಡದಿದ್ದರೆ, ಒಳಗಿನ ವಸ್ತು ನಿರ್ದೋಷಿಯಾಗಿದ್ದರೂ ಪೆಟ್ಟಿಗೆಯ ಕಾರಣದಿಂದ ಸರಕು ತಡೆಹಿಡಿಯಲ್ಪಡುತ್ತದೆ. ರಟ್ಟಿನ ಪೆಟ್ಟಿಗೆಗಳ ವಿಷಯದಲ್ಲೂ ಎಚ್ಚರ ಬೇಕು: ಹಣ್ಣು, ತರಕಾರಿ, ಮೊಟ್ಟೆ, ಮಾಂಸ ತುಂಬಿದ್ದ ಹಳೆಯ ಪೆಟ್ಟಿಗೆಗಳನ್ನು ಬಳಸಲೇಬಾರದು, ಮತ್ತು ಒಳಗೆ ಒಣಹುಲ್ಲು, ಹೊಟ್ಟು, ಎಲೆಗಳನ್ನು ತುಂಬಬಾರದು.

ತೊಳೆದದ್ದು ಪೂರ್ತಿ ಒಣಗದ ಹೊರತು ಪ್ಯಾಕ್ ಆಗಬಾರದು. ಹಗಲಿನ ಬಿಸಿಲಿಗೆ ಉಕ್ಕಿನ ಕಂಟೇನರ್ ಕಾದಾಗ ಒಳಗಿನ ಮರ, ರಟ್ಟು, ಬಟ್ಟೆಗಳಲ್ಲಿರುವ ತೇವ ಆವಿಯಾಗಿ ಹೊರಬರುತ್ತದೆ. ರಾತ್ರಿ ಛಾವಣಿ ತಣ್ಣಗಾದಾಗ ಅದೇ ಆವಿ ಹನಿಗಟ್ಟಿ ಸಾಮಾನಿನ ಮೇಲೆ ತೊಟ್ಟಿಕ್ಕುತ್ತದೆ. ಹಡಗು ಬೇರೆ ಬೇರೆ ಹವೆಯ ಪ್ರದೇಶಗಳನ್ನು ದಾಟುವ ವಾರಗಳುದ್ದಕ್ಕೂ ಇದು ಮರುಕಳಿಸಬಹುದು. ಸಾಗಣೆಯವರು ಇದನ್ನು ‘ಕಂಟೇನರ್ ರೇನ್’ ಎನ್ನುತ್ತಾರೆ. ಹೀಗೆ ತೇವಗೊಂಡ ಹಾಸಿಗೆ ಬೂಷ್ಟು ಹಿಡಿದು ಬಂದರೆ ನಷ್ಟದ ಜೊತೆಗೆ ತಪಾಸಣೆಯಲ್ಲೂ ಪ್ರಶ್ನೆ ಏಳುತ್ತದೆ. ಕಂಟೇನರಿನ ಒಳಗೋಡೆಗಳಿಗೆ ಕ್ಯಾಲ್ಸಿಯಂ ಕ್ಲೋರೈಡಿನ ತೇವಹೀರುವ ಚೀಲಗಳನ್ನು ನೇತುಹಾಕುವುದು, ಸಣ್ಣ ಪೆಟ್ಟಿಗೆಗಳಲ್ಲಿ ಸಿಲಿಕಾ ಜೆಲ್ ಇಡುವುದು ಉಪಯುಕ್ತ. ಮರದ ಪೀಠೋಪಕರಣಗಳನ್ನು ನೇರವಾಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯದೆ, ಮೊದಲು ಕಾಗದದ ಅಥವಾ ಬಟ್ಟೆಯ ಹೊದಿಕೆ ಹೊದಿಸಬೇಕು. ಇಲ್ಲದಿದ್ದರೆ ಮರದ ತೇವ ಒಳಗೇ ಸಿಲುಕಿ ಪಾಲಿಶ್ ಬಿಳಿಚುತ್ತದೆ. ಫ್ರಿಜ್ಜನ್ನು ಎರಡು ದಿನ ಮೊದಲೇ ನಿಲ್ಲಿಸಿ ಒರೆಸಿ ಬಾಗಿಲು ತೆರೆದಿಡಬೇಕು. ವಾಷಿಂಗ್ ಮೆಷಿನ್ನಿನ ಪೈಪುಗಳ ನೀರನ್ನು ಹೊರಹಾಕಿ, ಡ್ರಮ್ ಅಲುಗಾಡದಂತೆ ತಯಾರಕರು ಕೊಟ್ಟ ಬೋಲ್ಟುಗಳನ್ನು ಹಾಕಬೇಕು.

ಪೆಟ್ಟಿಗೆ ತುಂಬುವ ಕ್ರಮದಲ್ಲಿ ಹೆಚ್ಚಿನ ರಹಸ್ಯವೇನಿಲ್ಲ. ಪುಸ್ತಕದಂತಹ ಭಾರದ ವಸ್ತುಗಳು ಸಣ್ಣ ಪೆಟ್ಟಿಗೆಗೆ, ದಿಂಬಿನಂತಹ ಹಗುರ ವಸ್ತುಗಳು ದೊಡ್ಡ ಪೆಟ್ಟಿಗೆಗೆ. ತಟ್ಟೆಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ, ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ಪೆಟ್ಟಿಗೆ ಎರಡು ಪದರದ ಗಟ್ಟಿ ರಟ್ಟಿನದಾಗಿದ್ದು, ಒಳಗೆ ಟೊಳ್ಳು ಉಳಿಯದಂತೆ ತುಂಬಿರಬೇಕು, ಏಕೆಂದರೆ ಟೊಳ್ಳಾದ ಪೆಟ್ಟಿಗೆ ಮೇಲಿನ ಭಾರಕ್ಕೆ ಕುಸಿಯುತ್ತದೆ. ಗ್ಯಾಸ್ ಸಿಲಿಂಡರ್, ಬಣ್ಣ, ಸ್ಪ್ರೇ ಡಬ್ಬಿ, ಇಂಧನಗಳನ್ನು ಸೇರಿಸುವಂತಿಲ್ಲ. ಬಿಡಿ ಲಿಥಿಯಂ ಬ್ಯಾಟರಿಗಳ ಬಗ್ಗೆ ಸಾಗಣೆದಾರರನ್ನು ಕೇಳಬೇಕು.

ಇಷ್ಟೆಲ್ಲ ಆದ ಮೇಲೂ ತಪಾಸಣೆಯ ದಿಕ್ಕನ್ನು ತೀರ್ಮಾನಿಸುವ ಒಂದು ಹಾಳೆ ಉಳಿದಿರುತ್ತದೆ: ಸಾಮಾನಿನ ಪಟ್ಟಿ. ಅಧಿಕಾರಿ ಮೊದಲು ನೋಡುವುದು ಇದನ್ನೇ, ಯಾವ ಪೆಟ್ಟಿಗೆ ತೆರೆಸಬೇಕೆಂದು ಆರಿಸುವುದೂ ಇದರಿಂದಲೇ. ‘ಅಡುಗೆಮನೆ ಸಾಮಾನು’, ‘ಇತರೆ’, ‘ಗ್ಯಾರೇಜ್’ ಎಂದು ಬರೆದ ಪೆಟ್ಟಿಗೆಯಲ್ಲಿ ಏನು ಬೇಕಾದರೂ ಇರಬಹುದಾದ್ದರಿಂದ ಅದನ್ನು ತೆರೆಸದೆ ಬಿಡಲು ಅವರಿಗೆ ಕಾರಣವಿರುವುದಿಲ್ಲ. ಅದರ ಬದಲು ‘ಪೆಟ್ಟಿಗೆ 14: ಸ್ಟೀಲ್ ಪಾತ್ರೆ, ಗಾಜಿನ ಲೋಟ, ಮಿಕ್ಸರ್, ಮರದ ಸೌಟು’ ಎಂದು ಬರೆದರೆ ನೋಡಬೇಕಾದದ್ದು ಸೌಟು ಮಾತ್ರ ಎಂದು ಅವರಿಗೆ ಕೂಡಲೇ ತಿಳಿಯುತ್ತದೆ. ಪ್ರತಿ ಪೆಟ್ಟಿಗೆಯ ಮೇಲಿನ ಸಂಖ್ಯೆ ಪಟ್ಟಿಯ ಸಂಖ್ಯೆಗೆ ತಾಳೆಯಾಗಬೇಕು. ಮಾಲೀಕರೇ ತುಂಬಿದ ಪೆಟ್ಟಿಗೆಗಳನ್ನು ಸಾಗಣೆ ಸಂಸ್ಥೆಗಳು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಗುರುತಿಸುತ್ತವೆ, ಮತ್ತು ಅನೇಕ ವಿಮಾ ಪಾಲಿಸಿಗಳು ಅಂತಹ ಪೆಟ್ಟಿಗೆಗಳೊಳಗೆ ಒಡೆದದ್ದಕ್ಕೆ ಪರಿಹಾರ ಕೊಡುವುದಿಲ್ಲ. ಹಾಗಾಗಿ ಗಾಜು ಮತ್ತು ಪಿಂಗಾಣಿಯನ್ನು ವೃತ್ತಿಪರರಿಂದ ಕಟ್ಟಿಸಿ, ಬಟ್ಟೆ ಮತ್ತು ಪುಸ್ತಕಗಳನ್ನು ಸ್ವತಃ ಕಟ್ಟಿಕೊಳ್ಳುವುದು ಸಮಂಜಸ. ಘೋಷಣೆಯ ಪತ್ರದಲ್ಲಿ ಸಂದೇಹವಿರುವ ಪ್ರತಿಯೊಂದಕ್ಕೂ ‘ಹೌದು’ ಎಂದೇ ಬರೆಯಬೇಕು. ಘೋಷಿಸಿದ ವಸ್ತುವಿಗೆ ಹೆಚ್ಚೆಂದರೆ ಚಿಕಿತ್ಸೆಯೋ ನಷ್ಟವೋ ಆಗುತ್ತದೆ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ದಂಡದಿಂದ ಹಿಡಿದು ಮೊಕದ್ದಮೆಯವರೆಗೂ ಹೋಗಬಹುದು.

ತಪಾಸಣೆಗೆ ಬೇಕಾಗುವ ವಸ್ತುಗಳನ್ನು, ಅಂದರೆ ಬೂಟು, ಸೈಕಲ್, ತೋಟದ ಉಪಕರಣ, ಡೇರೆ, ಬೆತ್ತ ಬಿದಿರಿನ ಸಾಮಾನುಗಳನ್ನು, ಪ್ರತ್ಯೇಕ ಪೆಟ್ಟಿಗೆಗಳಲ್ಲಿ ತುಂಬಿ ಕಂಟೇನರಿನ ಬಾಗಿಲಿನ ಬಳಿ ಕೊನೆಯಲ್ಲಿ ಏರಿಸುವಂತೆ ಹೇಳಬೇಕು. 20 ಅಡಿಯ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗವಿದೆ. ಬೇಕಾದ ಪೆಟ್ಟಿಗೆ ಆಳದಲ್ಲಿದ್ದರೆ ಅದನ್ನು ತಲುಪಲು ಮುಂದಿನದನ್ನೆಲ್ಲ ಇಳಿಸಬೇಕಾಗುತ್ತದೆ, ಆ ಕೂಲಿಯೂ ಗೋದಾಮಿನ ಬಾಡಿಗೆಯೂ ಮಾಲೀಕರ ಲೆಕ್ಕಕ್ಕೇ ಬರುತ್ತದೆ. ಹಲವರ ಸಾಮಾನು ಒಂದೇ ಕಂಟೇನರಿನಲ್ಲಿ ಹೋಗುವ ವ್ಯವಸ್ಥೆಯಲ್ಲಿ ಖರ್ಚು ಕಡಿಮೆಯಾದರೂ, ಬೇರೊಬ್ಬರ ಸಾಮಾನಿನಲ್ಲಿ ಹುಳು ಸಿಕ್ಕರೆ ಎಲ್ಲರ ಬಿಡುಗಡೆಯೂ ತಡವಾಗಬಹುದು ಎಂಬುದು ಗಮನದಲ್ಲಿರಲಿ.

ದೋಷ ಕಂಡುಬಂದರೆ ಅಧಿಕಾರಿ ಮಾಲೀಕರ ಮುಂದಿಡುವ ಆಯ್ಕೆಗಳು ಸಾಮಾನ್ಯವಾಗಿ ನಾಲ್ಕು: ಅಲ್ಲಿಯೇ ತೊಳೆಸುವುದು, ಚಿಕಿತ್ಸೆ ಮಾಡಿಸುವುದು, ವಾಪಸ್ ಕಳುಹಿಸುವುದು, ಇಲ್ಲವೇ ನಾಶಪಡಿಸುವುದು. ಖರ್ಚು ಎಲ್ಲದರಲ್ಲೂ ಮಾಲೀಕರದೇ. ಚಿಕಿತ್ಸೆ ಎಂದಾಗ ಯಾವ ಚಿಕಿತ್ಸೆ ಎಂದು ಕೇಳಿಯೇ ಒಪ್ಪಬೇಕು. ಮೀಥೈಲ್ ಬ್ರೋಮೈಡ್ ಅನಿಲ ರಬ್ಬರ್ ಸ್ಪಂಜು, ತೊಗಲು, ಉಣ್ಣೆ, ಗರಿಯ ದಿಂಬುಗಳಲ್ಲಿರುವ ಗಂಧಕದ ಸಂಯುಕ್ತಗಳೊಡನೆ ಬೆರೆತು, ಬಹುಕಾಲ ಹೋಗದ ಕೆಟ್ಟ ವಾಸನೆಯನ್ನು ಉಳಿಸಬಲ್ಲದು. ಗಾಮಾ ಕಿರಣದ ಚಿಕಿತ್ಸೆ ಗಾಜನ್ನು ಕಂದುಬಣ್ಣಕ್ಕೆ ತಿರುಗಿಸಬಲ್ಲದು. ಸಣ್ಣ ಮರದ ಕೆತ್ತನೆ ಅಥವಾ ಉಣ್ಣೆಯ ವಸ್ತುವಾದರೆ ತೀವ್ರ ಶೈತ್ಯದಲ್ಲಿಡುವ ವಿಧಾನ ಸಾಧ್ಯವೇ ಎಂದು ವಿಚಾರಿಸಬಹುದು. ವಸ್ತುಸಂಗ್ರಹಾಲಯಗಳು ಹುಳು ಹತ್ತಿದ ಬಟ್ಟೆಗಳನ್ನು ಹೀಗೆಯೇ ರಕ್ಷಿಸುತ್ತವೆ.

ಸಾಮಾನು ಮನೆಗೆ ಬಂದ ಮೇಲೆ ಪೆಟ್ಟಿಗೆಗಳನ್ನು ಮನೆಯೊಳಗೇ, ಕಿಟಕಿ ಬಾಗಿಲು ಮುಚ್ಚಿ ತೆರೆಯುವುದು ಕ್ಷೇಮ. ಜೀವಂತ ಕೀಟವೊಂದು ಕಂಡರೆ ಹೊಸಕಿ ಹೊರಗೆಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿ ಹಿಡಿದಿಟ್ಟು, ಆ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ, ಆ ದೇಶದ ಜೈವಿಕ ಸುರಕ್ಷತಾ ಇಲಾಖೆಗೆ ಕೂಡಲೇ ತಿಳಿಸಬೇಕು. ಯಾವ ಜಾತಿಯ ಕೀಟ ಎಂಬುದನ್ನು ಅವರು ಗುರುತಿಸುವವರೆಗೆ ಖಾಲಿ ರಟ್ಟು, ಕಾಗದ, ಮರದ ತುಂಡುಗಳನ್ನು ಕಸಕ್ಕೆ ಹಾಕಬಾರದು.